ಮೆಗಾಬ್ಲಾಕ್ ಭಾನುವಾರದ ಸುಧಾಕರಣ್ಣ

ಮಾತಾಡುತ್ತಿದ್ದವರು ನಡುವೆ ಬಲಗೈ ಎತ್ತಿ ಕಣ್ಣು ಮುಚ್ಚಿದರೆಂದರೆ ರೈಲುಗಾಡಿ ಬರುತ್ತಿದೆ ಎಂದು ಅರ್ಥ. ನಮಗೆ ಇನ್ನೂ ಏನೂ ಕೇಳಿಸಿರುವುದಿಲ್ಲ, ಸುಧಾಕರಣ್ಣನಿಗೆ ಕೇಳಿಸಿರುತ್ತದೆ. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ, ಸ್ಟೀಲಿನ ಡಬ್ಬಿಗಳ ಮುಚ್ಚಳ ಗಿಲಿಗಿಲಿ ಎನ್ನುತ್ತದೆ, ಆಮೇಲೆ ಗಾಡಿ ಮನೆಯೊಳಗಿಂದಲೇ ಹೋದ ಹಾಗೆ ಹೋಗುತ್ತದೆ. ಕೈ ಇಳಿಯುತ್ತದೆ. "ಕಸಾರಾ ಫಾಸ್ಟು," ಎಂದು ಕಣ್ಣು ತೆರೆದು, ಮಾತು ಎಲ್ಲಿ ನಿಂತಿತ್ತೋ ಅದೇ ಪದದಿಂದ ಮುಂದುವರಿಸುತ್ತಿದ್ದರು. ಡೊಂಬಿವಲಿಯಲ್ಲಿ ಹಳಿಯ ಪಕ್ಕದ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಬಾಳಿದವರಿಗೆ ಈ ಅಭ್ಯಾಸ ಬರುವುದು ಆಶ್ಚರ್ಯವಲ್ಲ. ಆದರೆ ಆ ಮನೆಯಲ್ಲಿ ಅವರು ಒಂದು ಹೆದರಿಕೆಯ ಸಿನಿಮಾ ತೆಗೆಯಲು ಹೊರಟಿದ್ದರು. ಅದಕ್ಕೆ ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು, ನಿಶ್ಶಬ್ದ.

ನನ್ನ ಹಳೆಯ ಡೈರಿಗಳನ್ನು ತೆಗೆದು ಲೆಕ್ಕ ಹಾಕಿದ್ದೇನೆ. ಸುಮಾರು ಎರಡು ವರ್ಷಗಳಲ್ಲಿ ನಾವು ಹತ್ತೊಂಬತ್ತು ಭಾನುವಾರ ಚಿತ್ರೀಕರಣಕ್ಕೆ ಸೇರಿದ್ದೇವೆ. ಇನ್ನೂರ ನಲವತ್ತೆರಡು ಟೇಕ್ ಆಗಿವೆ. ಅವುಗಳಲ್ಲಿ ಸುಧಾಕರಣ್ಣ ಒಪ್ಪಿದ್ದು ಅರವತ್ತೊಂದು. ಇದನ್ನೆಲ್ಲ ಬರೆದಿಡುವುದೇ ನನ್ನ ಕೆಲಸವಾಗಿತ್ತು. ಹಿಂದಿನ ಸಲ ಬಾಗಿಲು ಎಷ್ಟು ತೆರೆದಿತ್ತು, ಸೆರಗು ಯಾವ ಭುಜದ ಮೇಲಿತ್ತು, ಗೋಡೆಯ ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂದು ಬರೆದಿಟ್ಟು, ಮುಂದಿನ ಸಲ ಎಲ್ಲವನ್ನೂ ಹಾಗೇ ಇರಿಸುವುದು. ವಾರವಿಡೀ ಐರೋಳಿಯ ಆಫೀಸಿನಲ್ಲಿ ಬೇರೆಯವರ ತಪ್ಪು ಹುಡುಕುವ ಕೆಲಸ ಮಾಡಿ, ಭಾನುವಾರ ಮತ್ತೆ ಅದನ್ನೇ ಮಾಡಲು ನೆರೂಳದಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆ ಎಂದು ಅಮ್ಮ ಹಲವು ಸಲ ಕೇಳಿದ್ದಾಳೆ.

ಅವರ ಪರಿಚಯವಾದದ್ದು ಕನ್ನಡ ಸಂಘದ ರಾಜ್ಯೋತ್ಸವ ನಾಟಕದಲ್ಲಿ. ನಾನು ಪಕ್ಕದಲ್ಲಿ ಕೂತು, ಮಾತು ಮರೆತವರಿಗೆ ಹೇಳಿಕೊಡುತ್ತಿದ್ದೆ. ಯಾರು ಎಷ್ಟು ಸಲ ಮರೆತರು ಎಂದು ಅಂಚಿನಲ್ಲಿ ಗೀಟು ಹಾಕುತ್ತಿದ್ದೆ. ನಾಟಕ ಮುಗಿದ ಮೇಲೆ ಒಬ್ಬರು ಬಂದು ನನ್ನ ಪುಸ್ತಕ ನೋಡಿದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಣ್ಣಿನ ಕೆಳಗೆ ಬಹಳ ದಿನಗಳ ನಿದ್ದೆಗೇಡು. "ಹೀರೋ ಹನ್ನೊಂದು ಸಲ ಮರ್ತಿದ್ದಾನಾ?" ಎಂದು ಕೇಳಿದರು. ಹೌದು ಎಂದೆ. "ನಂಗೆ ಒಂಬತ್ತೇ ಗೊತ್ತಾದದ್ದು. ನೀವು ಒಂದು ಸಿನಿಮಾಕ್ಕೆ ಬರ್ತೀರಾ?"

ಸುಧಾಕರಣ್ಣ ಉಡುಪಿಯವರು. ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಸಿನಿಮಾದ ಭಾಷೆಯೂ ಅವರಿಗೆ ಹೋಟೆಲಿನದೇ ಆಗಿತ್ತು. ಟೇಕ್ ಒಪ್ಪಿಗೆಯಾದರೆ "ಪಾರ್ಸೆಲ್" ಎನ್ನುತ್ತಿದ್ದರು, ಕ್ಯಾಮೆರಾದ ಅನಿಕೇತ್ ಅದನ್ನು ಬೇರೆ ಫೋಲ್ಡರಿಗೆ ಹಾಕುತ್ತಿದ್ದ. ಒಪ್ಪಿಗೆಯಾಗದಿದ್ದರೆ, "ಇದನ್ನು ಟೇಬಲಿಗೆ ಕೊಡ್ಲಿಕ್ಕಾಗುದಿಲ್ಲ. ಇನ್ನೊಂದು ಹಾಕು." ಯಾರನ್ನೂ ಬೈದದ್ದನ್ನು ನಾನು ನೋಡಿಲ್ಲ. ಸಿಟ್ಟು ಬಂದರೆ ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡುತ್ತಿದ್ದರು. ಹಾಗಾಗಿ ಕಾಫಿ ತುಂಬ ಚೆನ್ನಾಗಿದ್ದ ದಿನ ಕೆಲಸ ತುಂಬ ಕೆಟ್ಟಿತ್ತು ಎಂದೇ ಲೆಕ್ಕ.

ಸಿನಿಮಾದ ಯೋಚನೆ ಅವರಿಗೆ ಬಂದದ್ದು ಲಾಕ್‌ಡೌನಿನಲ್ಲಿ. ಹೆಂಡತಿ ಊರಿಗೆ ಹೋದವರು ಅಲ್ಲೇ ಉಳಿದಿದ್ದರು. ಹೋಟೆಲು ಮುಚ್ಚಿತ್ತು. ಲೋಕಲ್ ಗಾಡಿಗಳು ನಿಂತಿದ್ದವು. "ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ ನನ್ನ ಮನೆಯ ಸದ್ದು ನಂಗೆ ಕೇಳಿಸಿದ್ದು," ಎಂದು ಹೇಳಿದ್ದರು. "ಫ್ರಿಜ್ಜು ಉಸಿರಾಡ್ತದೆ. ನಲ್ಲಿಯೊಳಗೆ ಎಂತದೋ ಓಡ್ತದೆ. ಮಧ್ಯಾಹ್ನ ಎರಡೂವರೆಗೆ ಮೇಲಿನ ಮನೆಯಲ್ಲಿ ಯಾರೋ ಲೋಟ ಕೆಳಗಿಟ್ರು. ಸ್ಟೀಲಿನ ಲೋಟ. ಮೇಲಿನವರು ನಾಸಿಕಕ್ಕೆ ಹೋಗಿ ಆಗ್ಲೇ ತಿಂಗಳಾಗಿತ್ತು. ನಾನೇ ಹೋಗಿ ಬೀಗ ಎಳೆದು ನೋಡಿ ಬಂದೆ. ಬಂದು ಕೂತ್ಕೊಂಡೆ. ಕೂತವನಿಗೆ ಏಳ್ಲಿಕ್ಕೆ ಧೈರ್ಯ ಬರಲಿಲ್ಲ ಮಾರಾಯ್ತಿ, ಸಂಜೆಯವರೆಗೆ."

ಕತೆಯೂ ಅದೇ ಆಗಿತ್ತು. ಹಳಿಯ ಪಕ್ಕದ ಕಟ್ಟಡ, ಒಂಟಿಯಾಗಿರುವ ಒಬ್ಬ ಹೆಂಗಸು. ಮನೆಯಲ್ಲಿ ಯಾರೋ ಓಡಾಡುವ ಸದ್ದು, ಆಗಾಗ ಬಾಗಿಲ ಸಂದಿಯಲ್ಲಿ, ಮೆಟ್ಟಿಲ ತಿರುವಿನಲ್ಲಿ ಒಬ್ಬ ಮುದುಕಿ. ಕೊನೆಯ ದೃಶ್ಯ ಏನೆಂದು ನಮಗ್ಯಾರಿಗೂ ಹೇಳಿರಲಿಲ್ಲ. ಆ ಒಂದು ಹಾಳೆಯನ್ನು ಅವರು ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಸದ್ದನ್ನು ಸ್ಟುಡಿಯೋದಲ್ಲಿ ಆಮೇಲೆ ಸೇರಿಸಬಹುದಲ್ಲ ಎಂದು ಎಲ್ಲರೂ ಹೇಳಿದರು. ಅನಿಕೇತ್ ಹೇಳಿದ, ನಾನೂ ಹೇಳಿದೆ. "ಸ್ಟುಡಿಯೋದ ಮೌನ ಅಂದ್ರೆ ಫ್ರಿಜ್ಜಲ್ಲಿಟ್ಟ ಸಾಂಬಾರು," ಎಂದರು. "ನಂಗೆ ಈ ಮನೆಯದ್ದೇ ಬೇಕು. ಗಾಡಿ ಓಡುವ ಮನೆಯಲ್ಲಿ ಗಾಡಿ ನಿಂತಾಗ ಇರ್ತದಲ್ಲ, ಅದು." ಆ ಮನೆಯಲ್ಲಿ ಅದು ಸಿಗುವುದು ಭಾನುವಾರದ ಮೆಗಾಬ್ಲಾಕಿನಲ್ಲಿ ಮಾತ್ರ. ಹಳಿ ರಿಪೇರಿಗೆಂದು ನಾಲ್ಕೈದು ತಾಸು ಗಾಡಿ ನಿಲ್ಲಿಸುತ್ತಾರೆ. ಯಾವ ಭಾನುವಾರ ಯಾವ ಹಳಿ ಎಂದು ಶುಕ್ರವಾರದ ಹೊತ್ತಿಗೆ ಪೇಪರಿನಲ್ಲಿ ಬರುತ್ತದೆ. ಊರಿನವರೆಲ್ಲ ಅದನ್ನು ಓದಿ ಶಪಿಸುವಾಗ ಸುಧಾಕರಣ್ಣ ನನಗೆ ಫೋನ್ ಮಾಡುತ್ತಿದ್ದರು. "ಮೇಘಾ, ಭಾನುವಾರ ಉಂಟು. ಹನ್ನೊಂದರಿಂದ ಮೂರೂಮುಕ್ಕಾಲು. ನಮ್ಮ ಗೋಡೆ ಬದಿಯದ್ದೇ." ಆ ಒಂದು ಭಾನುವಾರಕ್ಕಾಗಿ ಅವರು ಉಳಿದ ಎಲ್ಲ ವಾರದ ರಜೆ ಬಿಟ್ಟುಕೊಟ್ಟು ಹೋಟೆಲಿನಲ್ಲಿ ನಿಂತಿರುತ್ತಿದ್ದರು. ಗೋಡೆ ಬದಿಯ ಹಳಿ ಬಂದಾದರೂ ಆಚೆ ಬದಿಯ ಸ್ಲೋ ಗಾಡಿಗಳು ಓಡುತ್ತಿದ್ದವು. ಎರಡು ಗಾಡಿಗಳ ನಡುವೆ ಆರೇಳು ನಿಮಿಷ ಸಿಕ್ಕರೆ ಅದೇ ನಮ್ಮ ಭಾಗ್ಯ. ಕಿಟಕಿಗಳಿಗೆ ಕಪ್ಪು ಬಟ್ಟೆ ಬಿಗಿದು, ಫ್ಯಾನು ನಿಲ್ಲಿಸಿ, ಬೆವರುತ್ತ ಕೂತು, ಅವರ ಕೈ ಇಳಿಯುವುದನ್ನೇ ನೋಡುತ್ತಿದ್ದೆವು.

ಯೋಜನೆಯಲ್ಲಿ ಒಂದು ತಪ್ಪಿತ್ತು. ಗಾಡಿ ನಿಂತ ದಿನ ನಾವು ಬರಬೇಕಾದದ್ದೂ ಗಾಡಿಯಲ್ಲೇ. ಅದು ನಮಗೆ ಹೊಳೆದದ್ದು ಮೂರನೇ ಭಾನುವಾರ, ನಾಲ್ವರಲ್ಲಿ ಇಬ್ಬರು ಮಾತ್ರ ಬಂದು ತಲುಪಿದಾಗ. ಇನ್ನೊಂದು ತಪ್ಪು ತಿಳಿದದ್ದು ಆರನೇ ಭಾನುವಾರ. ಹಳಿ ರಿಪೇರಿ ಸರಿಯಾಗಿ ನಮ್ಮ ಕಿಟಕಿಯ ಕೆಳಗೇ ನಡೆಯಿತು. ಹಳದಿ ಬಣ್ಣದ ಒಂದು ಯಂತ್ರ ಬಂದು ನಿಂತು ಜಲ್ಲಿಯನ್ನು ಕುಟ್ಟಿತು. ಹನ್ನೊಂದೂಕಾಲಿಗೆ ಶುರುವಾಗಿ ಮೂರೂವರೆಗೆ ನಿಂತಿತು. ನನ್ನ ಪುಸ್ತಕದಲ್ಲಿ ಆ ದಿನ: ಟೇಕ್ ಸೊನ್ನೆ, ಕಾಫಿ ಐದು ಸಲ, ಬಹಳ ಚೆನ್ನಾಗಿತ್ತು.

ಮುದುಕಿಯ ಪಾತ್ರ ಮಾಡುತ್ತಿದ್ದವರು ಲಲಿತಾಬಾಯಿ. ಧಾರವಾಡದ ಕಡೆಯವರು. ಕನ್ನಡ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿ ಟಿಟ್ವಾಳಾದಲ್ಲಿದ್ದರು. ಅವರಿಗೂ ಸುಧಾಕರಣ್ಣನಿಗೂ ಇದ್ದದ್ದು ಒಂದೇ ಜಗಳ, ಮುಖದ ಬಿಳಿ ಬಣ್ಣದ್ದು.

"ಅಷ್ಟು ಬಿಳಿ ಬೇಡ ಲಲಿತಕ್ಕ. ಬರೀ ಸ್ವಲ್ಪ ಪೌಡರ್ ಸಾಕು."

"ದೆವ್ವಕ್ಕ ಬಿಳಿ ಬ್ಯಾಡ ಅಂತೀರಲ್ಲ ಶೆಟ್ರ, ನಾಳೆ ನೋಡಿದವ್ರು ಯಾರೋ ನೆರಮನಿಯಾಕಿ ಸಕ್ರಿ ಕೇಳಾಕ ಬಂದಾಳ ಅಂತಾರ."

ಒಂಬತ್ತನೇ ಭಾನುವಾರ ಅವರು ಸಮಯ ಉಳಿಸಲೆಂದು ಟಿಟ್ವಾಳಾದ ಮನೆಯಲ್ಲೇ ಬಣ್ಣ ಹಚ್ಚಿಕೊಂಡು, ಕೂದಲು ಬಿಟ್ಟುಕೊಂಡು ಹೊರಟರು. ಗಾಡಿ ಕಲ್ಯಾಣದಲ್ಲಿ ನಿಂತಿತು, ಒಂದೂವರೆ ತಾಸು ನಿಂತೇ ಇತ್ತು. ಕೊನೆಗೆ ರಿಕ್ಷಾ ಹಿಡಿದು ನಮ್ಮನ್ನು ತಲುಪುವಾಗ ಬ್ಲಾಕ್ ಮುಗಿಯಲು ಇಪ್ಪತ್ತೇ ನಿಮಿಷ ಉಳಿದಿತ್ತು. ಸುಧಾಕರಣ್ಣ ಬೇಜಾರು ಮರೆತು ಆಸೆಯಿಂದ ಕೇಳಿದರು, "ಸ್ಟೇಷನಲ್ಲಿ ಯಾರಾದ್ರೂ ಹೆದರಿದ್ರಾ?"

"ಹೆದರೋದು ಎಲ್ಲಿಂದ ಬಂತ್ರಿ? ಒಬ್ಬಾಕಿ ಆರಾಮಿಲ್ಲೇನು ಅಜ್ಜಿ ಅಂತ ಸೀಟ್ ಬಿಟ್ಟುಕೊಟ್ಲು. ಇನ್ನೊಬ್ಬಾಕಿ ಯಾವ ಕ್ರೀಮ್ ಅಂತ ಕೇಳಿದ್ಲು."

ಸುಧಾಕರಣ್ಣ ಅಡುಗೆಮನೆಗೆ ಹೋದರು.

ಒಂಟಿ ಹೆಂಗಸಾಗಿ ಮಾಡುತ್ತಿದ್ದವಳು ಘಣಸೋಳಿಯ ನೇಹಾ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಹಿಂದಿ. "ಯಾರದು?" ಎಂದು ನಡುಗುವ ದನಿಯಲ್ಲಿ ಕೇಳಬೇಕಾದಲ್ಲಿ, ಬಾಗಿಲಿಗೆ ಬಂದ ಕೊರಿಯರ್‌ನವನನ್ನು ಕೇಳಿದ ಹಾಗಿರುತ್ತಿತ್ತು. ಸುಧಾಕರಣ್ಣ ಪ್ರತಿ ತಿಂಗಳು ಅವಳ ಮಾತುಗಳಲ್ಲಿ ಒಂದಿಷ್ಟು ಹೊಡೆದುಹಾಕುತ್ತ ಬಂದರು. ಹನ್ನೆರಡನೇ ಭಾನುವಾರದ ಹೊತ್ತಿಗೆ ಅವಳಿಗೆ ಉಳಿದದ್ದು ಎರಡೇ ವಾಕ್ಯ. ಸಿನಿಮಾ ಮೌನವಾದದ್ದು ಹೀಗೆ, ಕಲೆಗಾಗಿ ಎಂದು ಯಾರೂ ತಿಳಿಯಬಾರದು.

ಅಷ್ಟರಲ್ಲಿ ಕಟ್ಟಡವೇ ಖಾಲಿಯಾಗತೊಡಗಿತು. ರೀಡೆವಲಪ್‌ಮೆಂಟ್. ಹಳೆಯದನ್ನು ಕೆಡವಿ ಹನ್ನೆರಡು ಮಾಳಿಗೆ ಎಬ್ಬಿಸುವುದೆಂದು ಸೊಸೈಟಿಯಲ್ಲಿ ಹದಿನಾರು ಮನೆಯವರೂ ಒಪ್ಪಿ ಸಹಿ ಹಾಕಿದ್ದರು, ಸುಧಾಕರಣ್ಣನೂ ಹಾಕಿದ್ದರು. ಒಬ್ಬೊಬ್ಬರೇ ಕೀಲಿ ಕೊಟ್ಟು ಬಾಡಿಗೆ ಮನೆಗಳಿಗೆ ಹೋದರು. ಗುಜರಿಯವರು ಬಂದು ಖಾಲಿ ಮನೆಗಳ ಕಿಟಕಿ ಕಿತ್ತುಕೊಂಡು ಹೋದರು. ಮೆಟ್ಟಿಲ ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ದೊಡ್ಡ ಗುಣಿಸು ಚಿಹ್ನೆ ಬರೆದರು. ಅದು ಹಿಂದಿನ ದೃಶ್ಯಗಳಲ್ಲಿ ಇರಲಿಲ್ಲವಾದ್ದರಿಂದ ನಾನು ಎರಡು ಸಲ ಸುಣ್ಣ ಹೊಡೆದೆ, ಮೂರನೇ ಸಲ ಹಾಗೇ ಬಿಟ್ಟೆ. ಹದಿನೈದನೇ ಭಾನುವಾರದಿಂದ ಆ ಇಡೀ ಕಟ್ಟಡದಲ್ಲಿ ವಾಸವಿದ್ದದ್ದು ಸುಧಾಕರಣ್ಣ ಒಬ್ಬರೇ. ಹೆಂಡತಿ ಮಗಳ ಮನೆಗೆ ಹೋಗಿದ್ದರು. ಇವರು ಹೆಚ್ಚಿನ ಜಾಗಕ್ಕಾಗಿ ಬಿಲ್ಡರನನ್ನು ಸತಾಯಿಸುತ್ತಿದ್ದಾರೆ ಎಂದು ಉಳಿದವರು ಆಡಿಕೊಂಡರು. ಸುಧಾಕರಣ್ಣನಿಗೆ ಬೇಕಾಗಿದ್ದದ್ದು ಒಂದು ಕೊನೆಯ ದೃಶ್ಯ. ಅದು ನಾಲ್ಕು ನಿಮಿಷದ್ದು.

ಹತ್ತೊಂಬತ್ತನೇ ಭಾನುವಾರ ಎರಡೂ ಬದಿಯ ಹಳಿಗಳಿಗೆ ಬ್ಲಾಕ್ ಇತ್ತು. ಆ ಥರದ್ದು ನಮಗೆ ಅದುವರೆಗೆ ಸಿಕ್ಕಿರಲಿಲ್ಲ. ಸುಧಾಕರಣ್ಣ ಹಿಂದಿನ ದಿನವೇ ಲಲಿತಾಬಾಯಿಯನ್ನು ಕರೆಸಿ ಪಕ್ಕದ ಕಟ್ಟಡದ ಪರಿಚಯದವರಲ್ಲಿ ಉಳಿಸಿದ್ದರು. ಬಣ್ಣ ಬೇಡ, ಮನೆಯಲ್ಲಿ ಉಡುವ ಸೀರೆ ಸಾಕು ಎಂದು ಹೇಳಿದ್ದರು. ದೃಶ್ಯಕ್ಕೆ ಎರಡನೇ ಮಾಳಿಗೆಯ ಒಂದು ಬಾಗಿಲು ಬೇಕಾಗಿತ್ತು. ಅವರ ಮನೆಯ ನೇರ ಕೆಳಗಿನ ಆ ಮನೆ ಸೊಸೈಟಿಯ ಸೆಕ್ರೆಟರಿ ಜೋಶಿ ಕಾಕಾನದು. ಸೊಲ್ಲಾಪುರದವರು, ಕನ್ನಡ ಬರುತ್ತಿತ್ತು. ಎಪ್ಪತ್ತು ದಾಟಿದವರು ಈಗ ಬಾಡಿಗೆಗಿದ್ದ ಕಳವಾದಿಂದ ಬಸ್ಸಿನಲ್ಲಿ ಬಂದು, ಚೀಲದಿಂದ ಕೀಲಿಗೊಂಚಲು ತೆಗೆದು, ತಾವೇ ಆ ಬಾಗಿಲು ತೆರೆದುಕೊಟ್ಟರು.

ಎಲ್ಲ ಸಿದ್ಧವಾಗಿತ್ತು. ಹನ್ನೊಂದೂ ಹತ್ತಕ್ಕೆ ಕೊನೆಯ ಗಾಡಿ ಹೋಯಿತು. ಆಮೇಲೆ ಬಂದ ನಿಶ್ಶಬ್ದ ಎಂಥದೆಂದರೆ ಅನಿಕೇತ್ ತನ್ನ ಕೈಗಡಿಯಾರ ಬಿಚ್ಚಿ ಚೀಲದೊಳಗೆ ಇಟ್ಟ. ನೇಹಾ ಮಾತ್ರ ಬಂದಿರಲಿಲ್ಲ. ಹನ್ನೆರಡಕ್ಕೆ ಅವಳ ಫೋನ್ ಬಂತು. "ಅಂಕಲ್, ಶಿಳ್ ಫಾಟಾ ಮೇ ಫಸೀ ಹೂಂ. ಟ್ರಕ್ ಪಲ್ಟಿ ಹುವಾ ಹೈ, ಕುಛ್ ನಹೀ ಹಿಲ್ ರಹಾ." ರಸ್ತೆಯಲ್ಲಿ ಮಗುಚಿ ಬಿದ್ದ ಲಾರಿಯ ಹಿಂದೆ ಒಂದಕ್ಕೂ ಅಲ್ಲೇ ಇದ್ದಳು. ಎರಡಕ್ಕೂ ಅಲ್ಲೇ ಇದ್ದಳು.

ಜೋಶಿ ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು. ಸುಧಾಕರಣ್ಣ ಅವರ ಪಕ್ಕ ಕೂತು, "ಕಾಕಾ, ಇನ್ನೊಂದೇ ಬ್ಲಾಕ್. ಮುಂದಿನ ತಿಂಗಳು ಖಂಡಿತ," ಎಂದರು.

ಜೋಶಿ ಕಾಕಾ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ ಅನಿಸುತ್ತದೆ. "ಸುಧಾಕರ, ನೋಡು ಬಾಬಾ," ಎಂದು ಚೀಲ ತೋರಿಸಿದರು. "ಹದಿನೈದು ಕೀಲಿ ಇದರಾಗ ಅದಾವ. ಹದಿನಾರನೇದು ಕೊಟ್ರ ನಾಳೆ ಕೆಲಸ ಸುರು ಮಾಡ್ತೀನಿ ಅಂತಾನ ಬಿಲ್ಡರ್. ಕಳವಾದಾಗ ನಮ್ದು ಮೂರನೇ ಮಾಳಿಗಿ. ಲಿಫ್ಟ್ ಇಲ್ಲ. ನಮ್ಮನ್ಯಾಕಿ ಮೊಣಕಾಲು ನಿನಗ ಗೊತ್ತದ. ಏಳು ತಿಂಗಳಾತು, ಆಕಿ ಕೆಳಗ ಇಳಿದಿಲ್ಲ. ದಿನಾ ಒಂದ ಮಾತು ಕೇಳ್ತಾಳ, ಆ ಹೊಸ ಮನಿಗೆ ನಾ ಜೀವಂತ ಹೋಗ್ತೀನೇನು ಅಂತ. ನಾ ಏನ್ ಹೇಳ್ಲಿ, ಹೇಳು. ನಿಂದು ಪಿಕ್ಚರ್ ಮುಗೀಲಿ ಅಂತ ಹೇಳ್ಲೇನು?"

ಸುಧಾಕರಣ್ಣ ಗೋಡೆಯ ಮೇಲಿನ ಕೆಂಪು ಗುಣಿಸು ಚಿಹ್ನೆಯನ್ನು ನೋಡಿದರು. ಆಮೇಲೆ, "ಏಳು ತಿಂಗಳಾ?" ಎಂದು ಕೇಳಿದರು. ನನ್ನನ್ನು ಕೇಳಿದ ಹಾಗಿತ್ತು. ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ನಾನು ಭಾನುವಾರಗಳನ್ನು ಎಣಿಸಿದ್ದೆ, ಟೇಕುಗಳನ್ನು ಎಣಿಸಿದ್ದೆ. ಆ ತಿಂಗಳುಗಳನ್ನು ಎಣಿಸಿರಲಿಲ್ಲ.

ಅವರು ಎದ್ದು ಮೇಲೆ ಹೋದರು. ಸದ್ದು ಹಿಡಿಯುವ ಯಂತ್ರವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಶುರು ಮಾಡಿ, ನಮ್ಮೆಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಐವರೂ ಹಾಗೇ ಕೂತೆವು. ಲಲಿತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಅವರಿಗೆ ಕೆಮ್ಮಿತ್ತು. ಒಟ್ಟು ನಲವತ್ತೇಳು ನಿಮಿಷ. ಮೂರೂಮುಕ್ಕಾಲಿಗೆ ದೂರದಲ್ಲಿ ಗಾಡಿಯ ಹಾರ್ನ್ ಕೇಳಿದಾಗ ಅವರು ಒಳಗೆ ಹೋಗಿ ಯಂತ್ರ ನಿಲ್ಲಿಸಿದರು. ಬಾಗಿಲಿಗೆ ಬೀಗ ಹಾಕಿದರು. ಕೀಲಿಯನ್ನು ಜೋಶಿ ಕಾಕಾನ ಚೀಲದೊಳಗೆ ತಾವೇ ಹಾಕಿ, ಚೀಲದ ಜಿಪ್ ಎಳೆದರು. "ಸಾಮಾನು ಬುಧವಾರದೊಳಗೆ ತೆಗೀತೇನೆ. ಕಾಕಿಗೆ ಹೇಳಿ, ಈ ವಾರವೇ ಶುರುವಂತೆ," ಎಂದರು. ಜೋಶಿ ಕಾಕಾ ಏನೋ ಹೇಳಲು ಹೋದರು. ಆ ಹೊತ್ತಿಗೆ ಗಾಡಿ ಬಂತು.

ಮುಗಿಯದ ಸಿನಿಮಾವನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅನಿಕೇತ್ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿ ಕೊಟ್ಟ. ಬೇರೆ ಯಾವುದಾದರೂ ಕಟ್ಟಡದಲ್ಲಿ ಕೊನೆಯ ದೃಶ್ಯ ತೆಗೆಯೋಣ ಎಂದು ನಾನು ಒಮ್ಮೆ ಫೋನ್ ಮಾಡಿದೆ. "ಬೇರೆಯವರ ಮನೆಯಲ್ಲಿ ನಮ್ಮ ದೆವ್ವ ಹೇಗೆ ಬರ್ತದೆ ಮಾರಾಯ್ತಿ," ಎಂದು ನಕ್ಕರು. ನಗು ಅಷ್ಟು ಚೆನ್ನಾಗಿರಲಿಲ್ಲ. ಹೋಟೆಲಿನವರು ಕೊಲ್ಹಾಪುರದಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು. ಅಲ್ಲಿಗೆ ಹೋಗಲು ಅವರು ಒಪ್ಪಿಕೊಂಡರು.

ಹೊರಡುವ ಹಿಂದಿನ ದಿನ ಡೊಂಬಿವಲಿಗೆ ಬಾ ಎಂದು ಕರೆದರು. ನಮ್ಮ ಕೊನೆಯ ಭೇಟಿ ಅದೇ. ಕೀಲಿ ಕೊಟ್ಟು ಐದು ತಿಂಗಳಾಗಿತ್ತು. ಕಟ್ಟಡವಿದ್ದ ಜಾಗದ ಸುತ್ತ ತಗಡು ಕಟ್ಟಿದ್ದರು. ಒಳಗೆ ದೊಡ್ಡ ಗುಂಡಿ, ಅದರಲ್ಲಿ ಕಬ್ಬಿಣದ ಸರಳುಗಳು. ಜೋಶಿ ಕಾಕಾ ಅಲ್ಲೇ ಇದ್ದರು. ವಾರಕ್ಕೆರಡು ಸಲ ಬಂದು ಕೆಲಸ ನೋಡಿ ಹೋಗಿ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದರಂತೆ. ಮೂವರೂ ತಗಡಿನ ಪಕ್ಕ ನಿಂತು ಚಹಾ ಕುಡಿದೆವು.

"ಸುಧಾಕರ," ಎಂದರು ಜೋಶಿ ಕಾಕಾ ಇದ್ದಕ್ಕಿದ್ದ ಹಾಗೆ, "ನಮ್ಮ ಬಾಗಲಾ ತಗಿಸಿದ್ಯಲ್ಲ ಅವತ್ತು, ಅದು ಯಾಕ? ಕಡೀಕ ಏನಾಗ್ತದ ನಿನ್ನ ಪಿಕ್ಚರ್‌ನಾಗ?"

ಸುಧಾಕರಣ್ಣ ಚಹಾದ ಗ್ಲಾಸು ಕೆಳಗಿಟ್ಟರು. ಜೇಬಿನಿಂದ ಆ ಹಾಳೆ ತೆಗೆದರು, ಆದರೆ ಬಿಚ್ಚಲಿಲ್ಲ. ನಿಂತಲ್ಲೇ ಹೇಳಲು ಶುರು ಮಾಡಿದರು. "ಆ ಒಂಟಿ ಹೆಂಗಸಿಗೆ ಮನೆಯಲ್ಲಿ ಇರ್ಲಿಕ್ಕೇ ಆಗುದಿಲ್ಲ. ಕೈಯಲ್ಲಿದ್ದ ಲೋಟ ಇಟ್ಟು, ಬಾಗಿಲು ತೆಗೆದು, ಮೆಟ್ಟಿಲು ಇಳೀತಾಳೆ." ಎರಡು ಕೈಯನ್ನೂ ಗೋಡೆ ಸವರಿದ ಹಾಗೆ ಆಡಿಸುತ್ತ ಸಣ್ಣ ಸಣ್ಣ ಹೆಜ್ಜೆ ಇಟ್ಟರು. ಗಾಡಿ ಬಂತು. ನಿಂತರು. ಗಾಡಿ ಹೋದ ಮೇಲೆ ಮುಂದಿನ ಮೆಟ್ಟಿಲು. ನಾಲ್ಕು ನಿಮಿಷದ ದೃಶ್ಯಕ್ಕೆ ಹತ್ತೊಂಬತ್ತು ನಿಮಿಷ ಹಿಡಿಯಿತು, ನಡುವೆ ಏಳು ಗಾಡಿ ಹೋದವು. ಜೋಶಿ ಕಾಕಾ ಪ್ರತಿ ಸಲವೂ ಕಾದರು.

"ಕೆಳಗಿನ ಮನೆಯ ಬೆಲ್ ಒತ್ತುತಾಳೆ. ಬಾಗಿಲು ತೆಗೆಯುದು ಯಾರು? ಆ ಮುದುಕಿಯೇ. ಬಣ್ಣ ಗಿಣ್ಣ ಎಂತದೂ ಇಲ್ಲ, ಸಾದಾ ಹೆಂಗಸು, ಕೈಗೆ ಹಿಟ್ಟು ಹತ್ತಿದೆ. ಇವಳು ಎದುರಿಗೆ ನಿಂತು 'ಯಾರದು?' ಅಂತ ಕೇಳ್ತಾಳೆ. ಆ ಮುದುಕಿ ಇವಳನ್ನು ನೋಡುದೇ ಇಲ್ಲ. ಖಾಲಿ ಮೆಟ್ಟಿಲು ನೋಡಿ, ಒಳಗೆ ತಿರುಗಿ ಗಂಡನಿಗೆ ಹೇಳ್ತಾಳೆ, 'ಯಾರೂ ಇಲ್ರೀ. ಮೇಲಿನ ಮನೆ ಖಾಲಿಯಾಗಿ ವರ್ಷ ಆಯ್ತು, ಆದ್ರೂ ದಿನಾ ಲೋಟ ಇಟ್ಟ ಸದ್ದು ಕೇಳ್ತದೆ.' ಬಾಗಿಲು ಹಾಕ್ತಾಳೆ. ಇವಳು ಹೊರಗೆ. ಅಷ್ಟೇ."

ಎರಡು ವರ್ಷ ನಾನು ಬರೆದುಕೊಂಡ ಬಾಗಿಲು, ಸೆರಗು, ಗಡಿಯಾರಗಳೆಲ್ಲ ನನ್ನ ತಲೆಯೊಳಗೆ ಒಂದು ಸಲ ತಿರುಗಿ ಬೇರೆ ಕಡೆ ಮುಖ ಮಾಡಿ ನಿಂತವು.

ಜೋಶಿ ಕಾಕಾ ಗುಂಡಿಯ ಕಡೆ ನೋಡಿದರು. ಆಮೇಲೆ ಕೇಳಿದರು, "ಹೊಸ ಬಿಲ್ಡಿಂಗ್‌ನಾಗ ನಿನಗ ಯಾವ ಮಾಳಿಗಿ ಬಂದದ?"

"ಒಂಬತ್ತು."

"ನಮ್ದು ಎಂಟು. ನೀ ಕೊಲ್ಹಾಪುರಕ್ಕ ಹೋದ್ರ ಆ ಒಂಬತ್ತರಾಗ ಯಾರಿರ್ತಾರ?"

"ಯಾರೂ ಇಲ್ಲ ಕಾಕಾ. ಹೆಂಡ್ತಿ ಕೂಡ ನನ್ನೊಟ್ಟಿಗೇ ಬರ್ತಾಳೆ. ಬಾಡಿಗೆಗೆ ಕೊಡುದೂ ಇಲ್ಲ."

ಜೋಶಿ ಕಾಕಾ ಅವರ ಮೊಣಕೈ ಹಿಡಿದುಕೊಂಡರು. ಆ ದಿನ ಮೆಟ್ಟಿಲ ಮೇಲೆ ಕೀಲಿ ಕೇಳಿದ್ದ ಅದೇ ಸೋತ ದನಿಯಲ್ಲಿ ಹೇಳಿದರು: "ಹಂಗ ಮ್ಯಾಲಿನ ಮನಿ ಖಾಲಿ ಬಿಡಬ್ಯಾಡೋ. ತಿಂಗಳಿಗೊಮ್ಮೆರ ಬಂದು ಇದ್ದು ಹೋಗು. ನಮ್ಮನ್ಯಾಕಿಗೆ ಮಾತ್ರ ಇದು ಯಾವುದೂ ಹೇಳಬ್ಯಾಡ."